ಓದಿದವರ ಗೋಷ್ಠಿ

ನಮ್ಮ ನಾಡಿನ ಕಾಲೇಜುಗಳ ಗ್ರಂಥಾಲಯಗಳು ಏರ್ಪಡಿಸುವ ಪುಸ್ತಕಸಂವಾದಗಳಿಗೆ ಶ್ರೋತೃವಾಗಿಯೋ ಭಾಷಣಕಾರನಾಗಿಯೋ ಹೋಗಿಬಂದವರು, ಅಲ್ಲಿನ ಕಲಾಪಗಳು ಯಾವ ಅನುಕ್ರಮದಲ್ಲಿ ಜರುಗುವುವೆಂಬುದನ್ನು ಆಹ್ವಾನಪತ್ರಿಕೆಯ ನೆರವಿಲ್ಲದೆಯೇ ಹೇಳಬಲ್ಲರು. ಮೊದಲಿಗೆ ಪ್ರಾರ್ಥನೆ, ಬಳಿಕ ಸ್ವಾಗತ, ಅನಂತರ ದೀಪ ಬೆಳಗುವುದು, ಅಥವಾ ಕಾಲದ ರುಚಿ ಬದಲಾಗಿರುವುದರಿಂದ ಕುಂಡದ ಗಿಡಕ್ಕೆ ನೀರೆರೆಯುವುದು. ಅದಾದ ಮೇಲೆ ಅತಿಥಿಗಳು ಪಡೆದ ಪದವಿಗಳ, ವಹಿಸಿದ ಹುದ್ದೆಗಳ, ಸ್ವೀಕರಿಸಿದ ಪುರಸ್ಕಾರಗಳ ಸಾವಧಾನವಾದ ಪಾರಾಯಣ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಇಷ್ಟೆಲ್ಲ ಮುಗಿದು ಉಳಿದ ಅವಧಿಯಲ್ಲಿ ಅತಿಥಿಗಳ ಭಾಷಣ, ಪ್ರಾಂಶುಪಾಲರ ಅಧ್ಯಕ್ಷೀಯ ನುಡಿ, ವಂದನಾರ್ಪಣೆ, ರಾಷ್ಟ್ರಗೀತೆ. ಯಾವ ಪುಸ್ತಕದ ನಿಮಿತ್ತವಾಗಿ ಇಷ್ಟು ಜನ ಕೂಡಿದರೋ ಆ ಪುಸ್ತಕವು ವೇದಿಕೆಯ ಮೇಜಿನ ಮೇಲೆ ಬಣ್ಣದ ಕಾಗದದಲ್ಲಿ ಸುತ್ತಿಸಿಕೊಂಡು, ಬಿಡುಗಡೆಯ ಸಮಾರಂಭವಲ್ಲದಿದ್ದರೂ ಬಿಡುಗಡೆಗಾಗಿ ಕಾದಿರುವಂತೆ ಕುಳಿತಿರುತ್ತದೆ. ಸಭಾಂಗಣದಲ್ಲಿ ನೆರೆದವರಲ್ಲಿ ಅದನ್ನು ಓದಿದವರು ಬಹುಮಟ್ಟಿಗೆ ಭಾಷಣಕಾರರೊಬ್ಬರೇ. ಅವರಾದರೂ ಪೂರ್ತಿ ಓದಿದ್ದಾರೆಯೇ ಎಂಬ ಸಂಶಯವು ಕೆಲವೊಮ್ಮೆ ಅವರ ಮಾತಿನಿಂದಲೇ ಹುಟ್ಟುವುದುಂಟು.

ಇದರಲ್ಲಿ ವ್ಯಕ್ತಿಗಳ ದೋಷವನ್ನು ಹುಡುಕುವುದು ನ್ಯಾಯವಲ್ಲ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವುದಕ್ಕಾಗಿ 1994ರಲ್ಲಿ ಸ್ಥಾಪಿತವಾಗಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಪ್ರಧಾನ ಕಚೇರಿಯನ್ನು ಹೊಂದಿರುವ ನ್ಯಾಕ್ ಸಂಸ್ಥೆಯು ಏಳು ಮಾನದಂಡಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತ ಬಂದಿದೆ; ಅವುಗಳಲ್ಲಿ ನಾಲ್ಕನೆಯದರ ಒಳಗೆ ಗ್ರಂಥಾಲಯಕ್ಕೆ ಸ್ಥಾನವಿದೆ. ಗ್ರಂಥಾಲಯವು ಗಣಕೀಕೃತವಾಗಿದೆಯೇ, ವಿದ್ಯುನ್ಮಾನ ಪತ್ರಿಕೆಗಳಿಗೆ ಚಂದಾ ಕಟ್ಟಿದೆಯೇ, ವರ್ಷಕ್ಕೆ ಪುಸ್ತಕಗಳಿಗೆ ಎಷ್ಟು ವೆಚ್ಚವಾಯಿತು, ದಿನಕ್ಕೆ ಎಷ್ಟು ಮಂದಿ ಒಳಗೆ ಬಂದುಹೋದರು ಎಂಬ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಕೊಡಬೇಕು; ಕಾರ್ಯಕ್ರಮಗಳನ್ನು ನಡೆಸಿದ್ದಾದರೆ ವರದಿಯನ್ನೂ, ಸಹಿಗಳ ಹಾಳೆಯನ್ನೂ, ಸ್ಥಳ ಮತ್ತು ವೇಳೆಯ ಗುರುತು ಮೂಡಿದ ಜಿಯೋಟ್ಯಾಗ್ ಫೋಟೊಗಳನ್ನೂ ಸಿದ್ಧವಾಗಿಟ್ಟುಕೊಂಡಿರಬೇಕು. ಇದು ಅನುಚಿತವೆಂದು ನಾನು ಹೇಳಲಾರೆ. ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆ ಲೆಕ್ಕವನ್ನು ಒಪ್ಪಿಸಬೇಕಾದದ್ದೇ. ಆದರೆ ಒಂದು ಕಾದಂಬರಿಯನ್ನು ಓದಿದ ಹುಡುಗಿಯೊಬ್ಬಳು ಅದರ ನಾಯಕನ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಗೋಷ್ಠಿಯ ಮಧ್ಯದಲ್ಲಿ ಬದಲಿಸಿಕೊಂಡಳೆಂಬುದು ಫೋಟೊದಲ್ಲಿ ಮೂಡುವ ಸಂಗತಿಯಲ್ಲ. ಶಾಲು ಹೊದಿಸುವುದು ಮೂಡುತ್ತದೆ. ಆದುದರಿಂದ ಯಾವುದು ಮೂಡುವುದೋ ಅದು ಬೆಳೆಯಿತು, ಮೂಡದ್ದು ಕ್ಷೀಣಿಸಿತು.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಸ್ಪಷ್ಟಪಡಿಸಿಬಿಡುತ್ತೇನೆ. ಕಾಲೇಜಿನ ಗ್ರಂಥಾಲಯದಲ್ಲಿ ನಡೆಯತಕ್ಕ ಪುಸ್ತಕಗೋಷ್ಠಿಯು ಪುಸ್ತಕವನ್ನು ಓದಿಕೊಂಡು ಬಂದವರ ಗೋಷ್ಠಿಯಾಗಿರಬೇಕು. ಅದು ಸಭಾಂಗಣದಲ್ಲಿ ಅಲ್ಲ, ಪುಸ್ತಕದ ಕಪಾಟುಗಳ ನಡುವೆಯೇ ನಡೆಯಬೇಕು. ಮತ್ತು ಆ ಗೋಷ್ಠಿಗೆ ವಿದ್ಯಾರ್ಥಿಗಳಷ್ಟೇ ಅಧಿಕಾರದಿಂದ ಆ ಊರಿನ ಜನರೂ ಬರುವಂತಿರಬೇಕು. ಮೊದಲನೆಯ ಎರಡು ಮಾತುಗಳಿಗೆ ಬಹಿರಂಗವಾಗಿ ವಿರೋಧ ಹೇಳುವವರು ವಿರಳ. ಮೂರನೆಯದಕ್ಕೆ ವಿರೋಧವಿದೆ, ಮತ್ತು ಅದೇ ಮೂರರಲ್ಲಿ ಮುಖ್ಯವಾದದ್ದೆಂದು ನಾನು ನಂಬಿರುವುದರಿಂದ ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಹಲವರು ಕೂಡಿ ಒಂದು ಗ್ರಂಥವನ್ನು ಓದಿ ಅದರ ಅರ್ಥವನ್ನು ಚರ್ಚಿಸುವ ಪದ್ಧತಿಯನ್ನು ನಾವು ಪರದೇಶದಿಂದ ತರಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಊರಿನ ಚಾವಡಿಯಲ್ಲಿ, ಗುಡಿಯ ಮೊಗಸಾಲೆಯಲ್ಲಿ ಗಮಕಿಯೊಬ್ಬನು ವಾಚಿಸುತ್ತಿದ್ದನು, ಇನ್ನೊಬ್ಬನು ವ್ಯಾಖ್ಯಾನಿಸುತ್ತಿದ್ದನು, ಅಕ್ಷರ ಬಾರದವರೂ ಅರ್ಥದ ವಿಷಯದಲ್ಲಿ ತಮ್ಮ ಸಂದೇಹಗಳನ್ನು ಮುಂದಿಡುತ್ತಿದ್ದರು. ಕರಾವಳಿಯ ತಾಳಮದ್ದಳೆಯಂತೂ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡಿದೊಡನೆ ಕರ್ಣನ ಪಾತ್ರವನ್ನು ವಹಿಸಿದ ಅರ್ಥಧಾರಿಯು ಕರ್ಣನ ಪಕ್ಷವನ್ನೂ ಕೃಷ್ಣನ ಪಾತ್ರಧಾರಿಯು ಕೃಷ್ಣನ ಪಕ್ಷವನ್ನೂ ಆಶುವಾಗಿ ಪ್ರತಿಪಾದಿಸುತ್ತ, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡಬಿದ್ದು, ರಾತ್ರಿಯ ಜಾವಗಳನ್ನು ವಾದದಲ್ಲಿ ಕಳೆಯುತ್ತಾರೆ. ಕಥೆಯ ಅಂತ್ಯವು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಆ ಅಂತ್ಯವು ನ್ಯಾಯವೇ ಎಂಬ ಪ್ರಶ್ನೆ ಪ್ರತಿ ರಾತ್ರಿಯೂ ಹೊಸದು. ದಕ್ಷಿಣ ಕನ್ನಡದ ಯಾವುದಾದರೂ ಕಾಲೇಜು ಒಂದು ಆಧುನಿಕ ಕಾದಂಬರಿಯನ್ನು ಈ ಕ್ರಮದಲ್ಲಿ ಎತ್ತಿಕೊಂಡು, ಇಬ್ಬರು ವಿದ್ಯಾರ್ಥಿಗಳನ್ನು ಎರಡು ಪಾತ್ರಗಳ ವಕೀಲರನ್ನಾಗಿ ಕೂರಿಸಿದರೆ, ವಿಮರ್ಶೆಯೆಂಬುದು ಎಷ್ಟು ಜೀವಂತವಾದ ವ್ಯವಹಾರವೆಂಬುದು ಆ ಹುಡುಗರಿಗೆ ಒಂದೇ ಸಂಜೆಯಲ್ಲಿ ತಿಳಿದೀತು.

ವಿದ್ಯಾಸಂಸ್ಥೆಗೂ ಊರಿಗೂ ನಡುವೆ ಗೋಡೆಯಿಲ್ಲದೆ ಸಾಹಿತ್ಯದ ಮಾತು ಹರಿದಾಡಿದ ಕಾಲ ನಮಗೆ ಅಷ್ಟೇನೂ ದೂರದ್ದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1910ರ ದಶಕದ ಕೊನೆಯಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಪ್ರಯತ್ನದಿಂದ ರೂಪುಗೊಂಡ ಕರ್ಣಾಟಕ ಸಂಘವು, ಪಾಠದ ಕೋಣೆಗಳಲ್ಲಿ ಇಂಗ್ಲಿಷ್ ರಾಜ್ಯವಾಳುತ್ತಿದ್ದ ದಿನಗಳಲ್ಲಿ, ಕನ್ನಡದಲ್ಲಿ ಗಂಭೀರವಾಗಿ ಮಾತನಾಡುವುದು ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು. ‘ಪ್ರಬುದ್ಧ ಕರ್ಣಾಟಕ’ವೆಂಬ ಪತ್ರಿಕೆ ಆ ಸಂಘದ ಕೂಸು. ಧಾರವಾಡದಲ್ಲಿ ದ. ರಾ. ಬೇಂದ್ರೆಯವರು ಶಾಲೆಯ ಮಾಸ್ತರರು, ವಿ. ಕೃ. ಗೋಕಾಕರು ಕರ್ನಾಟಕ ಕಾಲೇಜಿನ ವಿದ್ಯಾರ್ಥಿ. ಗೆಳೆಯರ ಗುಂಪೆಂಬ ಸಾಹಿತ್ಯಕೂಟವು ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿತು. ಕಾಲೇಜಿನ ವಿದ್ಯಾರ್ಥಿ ಕಾಲೇಜಿನವರೊಡನೆ ಮಾತ್ರವೇ ಕುಳಿತು ಚರ್ಚಿಸಬೇಕೆಂಬ ನಿಯಮವಿದ್ದಿದ್ದರೆ ಆ ಭೇಟಿ ಆಗುತ್ತಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯವು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳೆಂಬ ಹೆಸರಿನಿಂದ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರಗಳನ್ನು ಕನ್ನಡದಲ್ಲಿ ಹೇಳಿಸಿ, ಆ ಉಪನ್ಯಾಸಗಳನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಅಂದು ವಿದ್ಯಾಲಯವು ಹಳ್ಳಿಗೆ ನಡೆದುಹೋಯಿತು. ಇಂದು ವಿದ್ಯಾಲಯಗಳೇ ತಾಲ್ಲೂಕು ತಾಲ್ಲೂಕಿಗೂ ಬಂದಿವೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ ನಾನೂರಕ್ಕೂ ಮಿಗಿಲಾಗಿವೆ. ಆದರೆ ಹಳ್ಳಿಯ ಹಿರಿಯನಿಗೆ ಆ ಕಾಲೇಜಿನ ಕಾಂಪೌಂಡಿನ ಒಳಗೆ ಕಾಲಿಡಲು ಮೊಮ್ಮಗನ ಪ್ರವೇಶಶುಲ್ಕದ ಹೊರತು ಬೇರೆ ಕಾರಣವಿಲ್ಲ.

ಡಿ. ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಅಧ್ಯಯನಗೋಷ್ಠಿಗಳು ಕಾಲೇಜಿನವಲ್ಲದಿದ್ದರೂ ಕಾಲೇಜಿನ ಹುಡುಗರು ಅಲ್ಲಿಗೆ ಹೋಗುತ್ತಿದ್ದರು, ಗುಮಾಸ್ತರೂ ವಕೀಲರೂ ನಿವೃತ್ತರೂ ಅವರ ಪಕ್ಕದಲ್ಲೇ ಕುಳಿತು ಓದುತ್ತಿದ್ದರು. ಇದಕ್ಕೆ ವಿಪರ್ಯಾಯವಾಗಿ ಕಾಲೇಜೇ ಊರನ್ನು ಒಳಗೆ ಕರೆದ ಉದಾಹರಣೆ ಬೇಕೆಂದರೆ ಬಸವನಗುಡಿಯ ನ್ಯಾಷನಲ್ ಕಾಲೇಜನ್ನು ನೋಡಬೇಕು. ಅಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಪ್ರಾರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಪ್ರತಿ ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸವನ್ನು ಏರ್ಪಡಿಸುತ್ತ ಬಂದಿತು. ಯಾರು ಬೇಕಾದರೂ ಬರಬಹುದು, ಪ್ರಶ್ನೆ ಕೇಳಬಹುದು. ಬುಧವಾರವೆಂದರೆ ಬುಧವಾರವೇ. ಈ ನಿಯತತೆಯೇ ಅದರ ಅರ್ಧ ಬಲವೆಂದು ನನ್ನ ಎಣಿಕೆ, ಏಕೆಂದರೆ ಆಹ್ವಾನಪತ್ರಿಕೆ ಬಾರದಿದ್ದರೂ ದಿನ ಗೊತ್ತಿದ್ದವನು ಬರುತ್ತಾನೆ, ದಿನ ಗೊತ್ತಿಲ್ಲದವನಿಗೆ ಆಹ್ವಾನಪತ್ರಿಕೆಯೂ ತಲುಪುವುದಿಲ್ಲ. ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರು ಕನ್ನಡ ಸಂಘವನ್ನು ಕಟ್ಟಿ, ನಾಡಿನ ಬೇರೆ ಬೇರೆ ಕಾಲೇಜುಗಳ ಹುಡುಗ ಹುಡುಗಿಯರಿಂದ ಕವಿತೆಗಳನ್ನು ತರಿಸಿ, ಅವುಗಳನ್ನು ಪುಸ್ತಕವಾಗಿ ಅಚ್ಚುಮಾಡಿ, ಹೊಸಬರ ಹೆಸರು ಓದುಗರ ಕಣ್ಣಿಗೆ ಬೀಳುವಂತೆ ಮಾಡಿದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮ್ ಸಂಸ್ಥೆಯು ಅಡಿಕೆ ಬೆಳೆಗಾರರನ್ನೂ ಮೇಷ್ಟರುಗಳನ್ನೂ ವಿದ್ಯಾರ್ಥಿಗಳನ್ನೂ ಒಂದೇ ಶಿಬಿರದಲ್ಲಿ ಕೂರಿಸಿ ಕಠಿಣವಾದ ವಿಷಯಗಳನ್ನು ಚರ್ಚಿಸಿದ್ದನ್ನು ಬಲ್ಲವರಾರೂ, ಊರಿನ ಜನಕ್ಕೆ ಇಂಥದ್ದು ರುಚಿಸುವುದಿಲ್ಲವೆಂಬ ಸಬೂಬನ್ನು ಮುಂದಿಡಲಾರರು.

ಊರಿನವರು ಏಕೆ ಬೇಕು? ಅವರಿಗೆ ಉಪಕಾರವಾಗಲೆಂದೇ? ಅಲ್ಲ; ಅವರಿಲ್ಲದೆ ಪುಸ್ತಕವು ಪೂರ್ಣವಾಗಿ ಅರ್ಥವಾಗದೆಂಬ ಕಾರಣದಿಂದ. ಇದನ್ನು ಸಿದ್ಧಾಂತವಾಗಿ ಹೇಳುವುದಕ್ಕಿಂತ ಒಂದು ಪುಸ್ತಕವನ್ನು ಎತ್ತಿಕೊಂಡು ತೋರಿಸುವುದು ವಿಹಿತ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾದ ಚಿಕ್ಕ ಕಾದಂಬರಿ. ನಿಧಾನವಾಗಿ ಓದುವವನಿಗೂ ಎರಡು ಸಂಜೆಗಳಲ್ಲಿ ಮುಗಿಯುತ್ತದೆ. ದಕ್ಷಿಣ ಕನ್ನಡದ ಹಳ್ಳಿಯೊಂದರ ದಲಿತ ಆಳಾದ ಚೋಮನಿಗೆ ಸ್ವಂತವಾಗಿ ಬೇಸಾಯ ಮಾಡಬೇಕೆಂಬ ಒಂದೇ ಒಂದು ಆಸೆ. ಅವನ ಬಳಿ ಎತ್ತುಗಳಿವೆ, ಉಳಲು ಭೂಮಿಯಿಲ್ಲ. ಸಾಲದ ಋಣವು ಅವನ ಮಕ್ಕಳನ್ನು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಅಟ್ಟುತ್ತದೆ. ಮತಾಂತರಗೊಂಡರೆ ಭೂಮಿ ಸಿಕ್ಕೀತೆಂಬ ಪ್ರಲೋಭನೆ ಎದುರಾದರೂ ಅವನು ತನ್ನ ದೈವವನ್ನು ಬಿಟ್ಟು ಹೋಗಲಾರದೆ ಹಿಂದಿರುಗುತ್ತಾನೆ. ಕನ್ನಡ ಸಾಹಿತ್ಯದ ತರಗತಿಯಲ್ಲಿ ಈ ಕೃತಿಯನ್ನು ಅಸ್ಪೃಶ್ಯತೆಯ ದಾರುಣ ಚಿತ್ರವೆಂದು ಬೋಧಿಸುತ್ತಾರೆ. ವಿದ್ಯಾರ್ಥಿಯು ಹಾಗೆಯೇ ಬರೆದುಕೊಂಡು, ಹಾಗೆಯೇ ಪರೀಕ್ಷೆಯಲ್ಲಿ ಬರೆದು, ಅಂಕವನ್ನು ಪಡೆಯುತ್ತಾನೆ. ಆ ವಿವರಣೆಯಲ್ಲಿ ಸುಳ್ಳೇನೂ ಇಲ್ಲ.

ಈಗ ಅದೇ ಪುಸ್ತಕದ ಗೋಷ್ಠಿಗೆ ಆ ತಾಲ್ಲೂಕಿನ ಒಬ್ಬ ವೃದ್ಧ ರೈತನು ಬಂದನೆಂದು ಭಾವಿಸೋಣ. ದೇವರಾಜ ಅರಸರ ಸರ್ಕಾರವು 1974ರಲ್ಲಿ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯನ್ನು ಅವನು ಕಣ್ಣಾರೆ ಕಂಡವನು. ಏಳನೆಯ ನಮೂನೆಯ ಅರ್ಜಿಯನ್ನು ಬರೆಸಿಕೊಂಡು ಭೂನ್ಯಾಯಮಂಡಳಿಯ ಮುಂದೆ ನಿಂತವನು. ಒಡೆಯರ ಹೆಸರಿನಲ್ಲಿದ್ದ ಗದ್ದೆ ತನ್ನ ಹೆಸರಿಗೆ ಆದ ದಿನವನ್ನು ಮರೆಯದವನು. ಅವನು ಹೇಳುವ ಕಥೆಯನ್ನು ಕೇಳಿದ ಹುಡುಗರಿಗೆ, ಚೋಮನು ಇನ್ನು ನಾಲ್ವತ್ತು ವರ್ಷ ತಡವಾಗಿ ಹುಟ್ಟಿದ್ದರೆ ಅವನ ಆಸೆ ಈಡೇರುತ್ತಿತ್ತೆಂದು ತೋರಬಹುದು. ಆಗ ಅದೇ ಸಾಲಿನಲ್ಲಿ ಕುಳಿತ ಇನ್ನೊಬ್ಬ ಮುದುಕನು ಬಾಯಿ ತೆರೆದು, ಕಾಯಿದೆಯು ಭೂಮಿ ಕೊಟ್ಟದ್ದು ಗೇಣಿಗೆ ಉಳುತ್ತಿದ್ದವನಿಗೆ, ಕೂಲಿಗೆ ಉಳುತ್ತಿದ್ದವನಿಗಲ್ಲ; ಗೇಣಿಯ ಚೀಟಿ ನಮ್ಮ ಮನೆಯಲ್ಲಿ ಯಾರ ಹೆಸರಿಗೂ ಇರಲಿಲ್ಲ, ಎಂದು ಹೇಳಬಲ್ಲನು. ಒಡನೆಯೇ ಪುಸ್ತಕದ ಪ್ರಶ್ನೆಯೇ ಬೇರೆಯಾಗುತ್ತದೆ. ಚೋಮನಿಗೆ ಭೂಮಿ ಕೊಡದಿದ್ದುದು ಒಬ್ಬ ಒಡೆಯನ ಮನೆಯ ಹಟವೇ, ಅಥವಾ ಒಡೆಯರು ಹೋಗಿ ಕಾಯಿದೆ ಬಂದ ಮೇಲೂ ಅವನನ್ನು ಲೆಕ್ಕಕ್ಕೆ ಸೇರಿಸದ ಇನ್ನೇನಾದರೂ ವ್ಯವಸ್ಥೆಯೇ? ಗೇಣಿದಾರನ ಮೊಮ್ಮಗನೂ ಕೂಲಿಯವನ ಮೊಮ್ಮಗಳೂ ಇಂದು ಅದೇ ಕಾಲೇಜಿನ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆಂಬುದನ್ನು ನೆನೆದರೆ, ಈ ಪ್ರಶ್ನೆಯು ಸಾಹಿತ್ಯದ ತರಗತಿಯಲ್ಲಿ ಏಳದಿರುವುದೇ ಆಶ್ಚರ್ಯ. ಏಳುವುದಿಲ್ಲ, ಏಕೆಂದರೆ ಅಧ್ಯಾಪಕರಿಗೆ ಪಾಠಪಟ್ಟಿಯನ್ನು ಮುಗಿಸುವ ಅವಸರ, ಮತ್ತು ವಿದ್ಯಾರ್ಥಿಗಳಿಗೆ ಪರಸ್ಪರರ ಅಜ್ಜಂದಿರ ಸಂಗತಿ ಗೊತ್ತಿಲ್ಲ.

ಇಂಥ ಚರ್ಚೆ ಬಿರುಸಾದೀತು, ಮನಸ್ಸುಗಳು ನೊಂದಾವು ಎಂಬ ಅಂಜಿಕೆಯನ್ನು ಪ್ರಾಂಶುಪಾಲರೊಬ್ಬರು ವ್ಯಕ್ತಪಡಿಸಿದರೆ ನಾನು ಅವರನ್ನು ಹಳಿಯುವುದಿಲ್ಲ. ನೊಂದಾವು, ನಿಜ. ಆದರೆ ಅದೇ ನೋವು ಚುನಾವಣೆಯ ಸಭೆಯಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಕೈಯಲ್ಲಿನ ಮೊಬೈಲಿನಲ್ಲಿಯೂ ಯಾವ ಪುಸ್ತಕದ ಮಧ್ಯಸ್ಥಿಕೆಯೂ ಇಲ್ಲದೆ ಹೊರಬೀಳುತ್ತಲೇ ಇದೆ. ಕಾದಂಬರಿಯ ಪಾತ್ರವೊಂದು ನಡುವೆ ಕುಳಿತಿರುವಾಗ ಇಬ್ಬರೂ ಆ ಪಾತ್ರದ ಹೆಸರಿನಲ್ಲಿ ಮಾತನಾಡಬಹುದು, ನಿನ್ನ ಅಜ್ಜ ನನ್ನ ಅಜ್ಜ ಎಂದು ಬೆರಳು ತೋರಿಸಬೇಕಾಗಿಲ್ಲ.

ಊರಿನಿಂದ ಬರುವವರಲ್ಲಿ ನಾನು ವಿಶೇಷವಾಗಿ ಕಾಣಲು ಬಯಸುವವರು ಐವತ್ತು ದಾಟಿದ ಗೃಹಿಣಿಯರು. ದೂರದರ್ಶನವು ಮನೆಮನೆಗೆ ಬರುವ ಮುನ್ನ ನಮ್ಮ ಪೇಟೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳೆಂಬ ಸಣ್ಣ ಅಂಗಡಿಗಳಿದ್ದವು. ಅಲ್ಪ ಬಾಡಿಗೆಗೆ ಕಾದಂಬರಿಗಳನ್ನು ಕೊಂಡೊಯ್ದು, ತ್ರಿವೇಣಿ, ಎಂ. ಕೆ. ಇಂದಿರಾ, ಅನಕೃ, ತರಾಸು ಇವರನ್ನೆಲ್ಲ ಅಡಿಗೆಮನೆಯ ಬಿಡುವಿನಲ್ಲಿ ಓದಿ ಮುಗಿಸಿದ ಹೆಂಗಸರ ಸಂಖ್ಯೆ ದೊಡ್ಡದು. ಅವರ ಓದನ್ನು ಯಾವ ವಿಶ್ವವಿದ್ಯಾಲಯವೂ ದಾಖಲೆ ಮಾಡಲಿಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಒಂದು ಗೋಷ್ಠಿಗೆ ಇಟ್ಟುಕೊಂಡು, ಹೆರಿಗೆಯ ಅನಂತರ ಬುದ್ಧಿವಿಕಲ್ಪಕ್ಕೆ ಸಿಕ್ಕಿ ಗುಣಹೊಂದಿ ಬಂದ ಹೆಣ್ಣನ್ನು ಮನೆ ಹೇಗೆ ನೋಡುತ್ತದೆಂಬ ಆ ಕಥೆಯ ಸುತ್ತ, ಇಂಥ ಓದುಗಿತ್ತಿ ಒಬ್ಬಳು, ತಾಲ್ಲೂಕು ಆಸ್ಪತ್ರೆಯ ನರ್ಸ್ ಒಬ್ಬರು, ಮನಶ್ಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕುಳಿತು ಮಾತನಾಡಿದರೆ ಆ ಮಾತಿಗೆ ಯಾವ ಮುಖ್ಯ ಅತಿಥಿಯ ಭಾಷಣವೂ ಸಾಟಿಯಾಗದು.

ಇನ್ನು ಗ್ರಂಥಾಲಯದ ಒಳಗಣ ವಿಷಯ. ಎಸ್. ಆರ್. ರಂಗನಾಥನ್ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರ ಹುದ್ದೆಗೆ ಬಂದು, ಆ ಕೆಲಸದ ಏಕಾಂತಕ್ಕೆ ಬೇಸತ್ತು ಮತ್ತೆ ಪಾಠಕ್ಕೆ ಹಿಂದಿರುಗಲು ಬಯಸಿದವರು. ಅದೇ ವರ್ಷ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಗ್ರಂಥಾಲಯಗಳು ಎಲ್ಲ ವಯಸ್ಸಿನ ಎಲ್ಲ ವೃತ್ತಿಯ ಜನಕ್ಕೆ ಕೂಟಸ್ಥಾನವಾಗಿದ್ದುದನ್ನು ಕಂಡಮೇಲೆ ಮನಸ್ಸನ್ನು ತಿರುಗಿಸಿದವರು. ಅವರು 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯವು ಪುಸ್ತಕವಿರುವುದು ಬಳಕೆಗೆ, ಕಾಪಿಡುವುದಕ್ಕಲ್ಲವೆಂಬುದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬುದು ಮುಂದಿನ ಎರಡರದು. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಹೊರಟ ಸಂಚಾರೀ ಗ್ರಂಥಾಲಯವನ್ನು ನೆನೆದರೆ, ಆ ಸೂತ್ರಗಳು ಕೇವಲ ಕಾಗದದ ಮೇಲೆ ಉಳಿಯತಕ್ಕವಾಗಿರಲಿಲ್ಲವೆಂಬುದು ವಿಶದವಾಗುತ್ತದೆ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ತೆರೆದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಆಗಸ್ಟ್ 12ರಂದು ನಮ್ಮ ಕಾಲೇಜುಗಳು ಅವರ ಭಾವಚಿತ್ರಕ್ಕೆ ಹಾರವನ್ನು ಹಾಕಿ, ಹಾರ ಬಾಡುವ ಮೊದಲೇ ಬೀರುವಿಗೆ ಬೀಗವನ್ನೂ ಹಾಕುತ್ತವೆ.

ಬೀಗವನ್ನು ಹಾಕುವವರ ಕಷ್ಟವೂ ಕಷ್ಟವೇ. ದಾಸ್ತಾನು ಪರಿಶೀಲನೆಯ ದಿನ ಅಕ್ಸೆಷನ್ ರಿಜಿಸ್ಟರಿನಲ್ಲಿದ್ದು ಕಪಾಟಿನಲ್ಲಿಲ್ಲದ ಪ್ರತಿಯೊಂದು ಪುಸ್ತಕಕ್ಕೂ ತಾನೇ ಹೊಣೆಯಾಗಬೇಕು, ನಿವೃತ್ತಿಯ ಹೊತ್ತಿಗೆ ಬಾಕಿಯಿಲ್ಲವೆಂಬ ಪತ್ರಕ್ಕಾಗಿ ಅಲೆಯಬೇಕು ಎಂಬ ಭೀತಿಯಲ್ಲಿ ಬದುಕುವ ಗ್ರಂಥಪಾಲಕನು ಅಪರಿಚಿತರನ್ನು ಕಪಾಟುಗಳ ನಡುವೆ ಬಿಟ್ಟುಕೊಳ್ಳುವನೆಂದು ನಿರೀಕ್ಷಿಸುವುದು ನಿಷ್ಠುರತೆಯಾದೀತು. ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯೇ, ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶಿಸಲ್ಪಟ್ಟ ಪ್ರತಿ ಸಾವಿರ ಸಂಪುಟಗಳಿಗೆ ಐದು ಕಳೆದುಹೋಗುವುದು ಸಹಜವೆಂದು, ಅಪ್ರಾಮಾಣಿಕತೆಯೂ ಅಲಕ್ಷ್ಯವೂ ಇಲ್ಲದಿರುವಲ್ಲಿ, ಒಪ್ಪಿಕೊಂಡಿದೆ. 1,000 ರೂಪಾಯಿಗೆ ಮೀರಿದ ಬೆಲೆಯ ಪುಸ್ತಕಗಳನ್ನೂ ದುರ್ಲಭ ಗ್ರಂಥಗಳನ್ನೂ ಮಾತ್ರ ತಪ್ಪದೆ ವಿಚಾರಿಸಬೇಕೆಂದಿದೆ. ಇದರ ಸ್ವಾರಸ್ಯವನ್ನು ಗಮನಿಸಬೇಕು: ನಷ್ಟದ ಮಿತಿಯನ್ನು ಅಳೆದಿರುವುದು ಇಟ್ಟ ಪುಸ್ತಕಗಳ ಲೆಕ್ಕದಿಂದಲ್ಲ, ಬಳಸಿದ ಪುಸ್ತಕಗಳ ಲೆಕ್ಕದಿಂದ. ಹೆಚ್ಚು ಓದಿಸಿದವನಿಗೆ ಹೆಚ್ಚು ಕ್ಷಮೆ. ರಾಜ್ಯದ ಕಾಲೇಜುಗಳ ಗ್ರಂಥಪಾಲಕರಿಗೂ ಇದೇ ಅಭಯವನ್ನು ಸ್ಪಷ್ಟವಾದ ಸುತ್ತೋಲೆಯ ಮೂಲಕ ಕೊಟ್ಟರೆ, ಪುಸ್ತಕಸಂವಾದಕ್ಕೆ ಅದಕ್ಕಿಂತ ಹೆಚ್ಚಿನ ಪ್ರೋತ್ಸಾಹಧನ ಬೇಕಾಗದು.

ಊರಿಗೆ ಬೇರೆಯೇ ಸಾರ್ವಜನಿಕ ಗ್ರಂಥಾಲಯವಿದೆಯಲ್ಲ, ಅವರೇಕೆ ಕಾಲೇಜಿಗೆ ಬರಬೇಕೆಂದು ಕೇಳುವವರಿದ್ದಾರೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ನಮ್ಮ ಪಟ್ಟಣಗಳ ಜನ ಆಸ್ತಿತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆಯ ಗ್ರಂಥಾಲಯ ಕರವನ್ನು ತೆರುತ್ತಿರುವುದೂ ನಿಜ, ವಸೂಲಾದ ಆ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಒಪ್ಪಿಸದೆ ಉಳಿಸಿಕೊಳ್ಳುವ ಸುದ್ದಿ ಮೇಲಿಂದ ಮೇಲೆ ಪತ್ರಿಕೆಗಳಲ್ಲಿ ಬರುವುದೂ ನಿಜ. ಅದು ಹೇಗಾದರೂ ಇರಲಿ. ಸಾರ್ವಜನಿಕ ಗ್ರಂಥಾಲಯದಲ್ಲಿ ಪತ್ರಿಕೆ ಓದುವ ಹಿರಿಯರಿದ್ದಾರೆ, ಕಾಲೇಜಿನ ಗ್ರಂಥಾಲಯದಲ್ಲಿ ಹದಿಹರೆಯದವರಿದ್ದಾರೆ, ಮತ್ತು ಪರಸ್ಪರರಿಂದ ಇವರು ಪಡೆಯಬೇಕಾದದ್ದನ್ನು ಎರಡು ಪ್ರತ್ಯೇಕ ಕಟ್ಟಡಗಳು ಕೊಡಲಾರವು.

ಹದಿಹರೆಯದವರು ಗ್ರಂಥಾಲಯಕ್ಕೆ ಬರುವುದೇ ಇಲ್ಲವೆಂಬ ಆಕ್ಷೇಪ ಪೂರ್ತಿ ಸರಿಯಲ್ಲ. ಬರುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕವನ್ನು ಹಿಡಿದು ಬರುತ್ತಾರೆ. ಪಿಡಿಒ, ಎಫ್‌ಡಿಎ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗಾಗಿ ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಾಗಿಸಿ ಕುಳಿತ ಈ ಹುಡುಗ ಹುಡುಗಿಯರನ್ನು ಸಾಹಿತ್ಯಾಭಿಮಾನಿಗಳು ಅನುಕಂಪದಿಂದಲೋ ತಾತ್ಸಾರದಿಂದಲೋ ನೋಡುವುದನ್ನು ನಾನು ಒಪ್ಪಲಾರೆ. ಇಂದು ನಮ್ಮ ಗ್ರಂಥಾಲಯಗಳ ಅತ್ಯಂತ ಶ್ರದ್ಧಾವಂತ ಓದುಗರು ಅವರೇ; ಅವರ ಸಾಲುಗಳಿಲ್ಲದಿದ್ದರೆ ಎಷ್ಟೋ ವಾಚನಾಲಯಗಳು ಬೀಗ ಹಾಕಿಕೊಂಡಿರುತ್ತಿದ್ದವು. ಸಂವಿಧಾನದ ಪರಿಚ್ಛೇದಗಳನ್ನು ಕಂಠಪಾಠ ಮಾಡಿದ ಒಬ್ಬ ಅಭ್ಯರ್ಥಿಯನ್ನು ಕರೆದು, ಸಂವಿಧಾನ ರಚನಾ ಸಭೆಯ ಒಂದು ಚರ್ಚೆಯನ್ನು ಓದಿ ಗೋಷ್ಠಿಯಲ್ಲಿ ಮಂಡಿಸೆಂದರೆ ಅವನು ಒಲ್ಲೆನೆನ್ನಲಾರನು. ಅವನಿಗೆ ಬೇಕಾದದ್ದೂ ಅಲ್ಲಿದೆ, ಗೋಷ್ಠಿಗೆ ಬೇಕಾದದ್ದೂ ಅಲ್ಲಿದೆ.

ಗ್ರಂಥಾಲಯವು ಮೌನದ ಸ್ಥಳ, ಅಲ್ಲಿ ಚರ್ಚೆಯ ಗದ್ದಲವೇಕೆ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಸುಲಭ: ತಿಂಗಳಿನ ಎರಡು ಗಂಟೆ ಮಾತಿಗೆ, ಉಳಿದದ್ದೆಲ್ಲ ಮೌನಕ್ಕೆ. ಕಾವಲುಗಾರನು ಹೊರಗಿನವರನ್ನು ಗೇಟಿನಲ್ಲೇ ತಡೆಯುತ್ತಾನೆ ಎಂಬುದಕ್ಕೂ ಉತ್ತರ ಸುಲಭವೇ. ಆ ಎರಡು ಗಂಟೆ ತಡೆಯಬೇಡವೆಂದು ಅವನಿಗೆ ಹೇಳಬೇಕು, ಒಂದು ವಹಿಯಲ್ಲಿ ಬಂದವರ ಹೆಸರು ಬರೆಸಿಕೊಳ್ಳಬೇಕು. ನಿಜವಾಗಿ ಕಷ್ಟವಾದದ್ದು ಬಸ್ಸು. ತಾಲ್ಲೂಕು ಕೇಂದ್ರದ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಸುತ್ತಲಿನ ಹಳ್ಳಿಗಳಿಂದ ಪಾಸು ಹಿಡಿದು ಬರುವವರು. ಸಂಜೆಯ ಬಸ್ಸು ತಪ್ಪಿದರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮನೆ ಸೇರುವ ದಾರಿಯಿಲ್ಲ. ಸಾಹಿತ್ಯಗೋಷ್ಠಿಯೆಂದರೆ ಸಂಜೆ ಐದೂವರೆಗೆ ಎಂಬ ನಗರದ ಅಭ್ಯಾಸವನ್ನು ಅಲ್ಲಿಗೆ ಒಯ್ದರೆ ಬರುವವರು ಹಾಸ್ಟೆಲಿನ ಹುಡುಗರಷ್ಟೇ. ಆದುದರಿಂದ ಶನಿವಾರ ಮಧ್ಯಾಹ್ನವೋ, ಸಂತೆಯ ದಿನ ಹನ್ನೊಂದಕ್ಕೋ ಇಟ್ಟುಕೊಳ್ಳುವುದು ಉಚಿತ. ಸಂತೆಯ ದಿನವಾದರೆ ಹಳ್ಳಿಯ ಹಿರಿಯರಿಗೂ ಪೇಟೆಗೆ ಬರುವ ಕಾರಣವಿರುತ್ತದೆ.

ಏರ್ಪಾಡಿನ ಮಾತುಗಳು ಹೆಚ್ಚಿಲ್ಲ. ಒಂದು ತಿಂಗಳಿಗೆ ಒಂದು ಪುಸ್ತಕ, ಇನ್ನೂರು ಪುಟ ಮೀರದ್ದು. ಅದರ ಹತ್ತು ಹನ್ನೆರಡು ಪ್ರತಿಗಳು ಮೊದಲೇ ಇರಬೇಕು, ಇಲ್ಲವಾದರೆ ಓದಿಕೊಂಡು ಬನ್ನಿರೆಂಬ ಸೂಚನೆ ಅಪಹಾಸ್ಯವಾದೀತು. ಒಂದೇ ಪ್ರತಿಯಿದ್ದಲ್ಲಿ ಸಣ್ಣಕಥೆಯೊಂದನ್ನು ಅಲ್ಲಿಯೇ ಗಟ್ಟಿಯಾಗಿ ಓದಿ ಅನಂತರ ಮಾತಿಗೆ ತೊಡಗಬಹುದು. ಮಾಸ್ತಿಯವರ ಕಥೆಗಳು ಗಟ್ಟಿಯಾಗಿ ಓದುವುದಕ್ಕೆಂದೇ ಬರೆದವೋ ಎನ್ನುವಷ್ಟು ಬಾಯಿಗೆ ಹಿತವಾದವು. ಕುರ್ಚಿಗಳು ವರ್ತುಲವಾಗಿರಲಿ, ವೇದಿಕೆ ಬೇಡ. ಮೈಕು ಬೇಡ. ಶಾಲು ಖಂಡಿತ ಬೇಡ. ಶಾಲಿನ ಹಣಕ್ಕೆ ಪುಸ್ತಕದ ಇನ್ನೆರಡು ಪ್ರತಿಗಳು ಬಂದಾವು. ಪುಸ್ತಕವನ್ನು ಓದದೆ ಬಂದವರನ್ನು ಹೊರಗೆ ಕಳುಹಿಸಬಾರದು, ಆದರೆ ಮೊದಲ ಅರ್ಧ ಗಂಟೆ ಅವರು ಕೇಳುವವರಾಗಿಯೇ ಇರಲಿ. ಪ್ರಾಂಶುಪಾಲರೂ ಈ ನಿಯಮಕ್ಕೆ ಹೊರತಲ್ಲ. ನ್ಯಾಕ್‌ನವರಿಗಾಗಿ ಒಂದು ಫೋಟೊ ತೆಗೆಯುವುದಾದರೆ ಆಕ್ಷೇಪವಿಲ್ಲ, ಮಾತು ಬಿಸಿಯೇರಿದಾಗ ತೆಗೆಯಲಿ. ಗೋಷ್ಠಿಯನ್ನು ಕರೆಯುವ ಅಧಿಕಾರವು ಕನ್ನಡ ವಿಭಾಗಕ್ಕಲ್ಲ, ಗ್ರಂಥಪಾಲಕರಿಗಿರಬೇಕು, ಏಕೆಂದರೆ ಕನ್ನಡ ವಿಭಾಗವು ಕರೆದರೆ ಅದು ಪಾಠದ ಮುಂದುವರಿಕೆಯೆಂದು ಬಿ.ಕಾಂ. ಹುಡುಗರು ಭಾವಿಸುತ್ತಾರೆ. ಮೊದಲ ಪುಸ್ತಕವನ್ನು ಗ್ರಂಥಪಾಲಕರು ಆರಿಸಲಿ. ಎರಡನೆಯದನ್ನು, ಮೊದಲ ದಿನ ಎಲ್ಲರಿಗಿಂತ ಹೆಚ್ಚು ಹಟಹಿಡಿದು ವಾದಿಸಿದವನು ಆರಿಸಲಿ.